ಬಿಪಿ ರೀಡಿಂಗ್ ಎಲ್ಲಾ ಸೊನ್ನೆಗೇ ಬಂದು ನಿಲ್ತಿವೆ, ಏನ್ ಮಾಡ್ಲಿ?

ಹೊಸ ಕೋಆರ್ಡಿನೇಟರ್ · ಭಾನುವಾರ ರಾತ್ರಿ 10.50

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ಬೈಕೋಬೇಡಿ.

ಒಂದು ವಿಶ್ವವಿದ್ಯಾಲಯದ ಸಮುದಾಯ ಆರೋಗ್ಯ ವಿಭಾಗದಲ್ಲಿ ಸ್ಟಡಿ ಕೋಆರ್ಡಿನೇಟರ್ ಆಗಿ ಸೇರಿ ಏಳು ವಾರ ಆಯ್ತು. ಕನಕಪುರದ ಆಚೆ 11 ಹಳ್ಳಿ, ನಲವತ್ತು ದಾಟಿದ 640 ಜನ, ಬಿಪಿ ಮತ್ತು ಶುಗರ್ ಬಗ್ಗೆ ಮೂರು ವರ್ಷದ ಫಾಲೋಅಪ್. ನಾನು ಬಂದು ಬಿದ್ದಿದ್ದು ಎರಡನೇ ವರ್ಷದ ಮಧ್ಯದಲ್ಲಿ. ಹಿಂದೆ ಇದ್ದವರು ಬೇರೆ ಕೆಲಸ ಸಿಕ್ಕಿ ಹೊರಟಾಗ ನನ್ನ ಕೈಗೆ ಕೊಟ್ಟಿದ್ದು ಬೀರು ಕೀ, ಒಂದು ಪೆನ್ ಡ್ರೈವ್, ಜೊತೆಗೆ "ಎಲ್ಲಾ ಅದರಲ್ಲೇ ಇದೆ" ಅನ್ನೋ ಒಂದು ಮಾತು. ಪೆನ್ ಡ್ರೈವಲ್ಲಿ 'ಫೈನಲ್', 'ಫೈನಲ್ 2', 'ಇದೇ ಫೈನಲ್' ಅಂತ ಮೂರು ಎಕ್ಸೆಲ್ ಇವೆ. ಮೂರರಲ್ಲೂ ಜನರ ಲೆಕ್ಕ ಬೇರೆ ಬೇರೆ.

ನನ್ನ ದಿನ ಹೇಗಿರತ್ತೆ ಅಂದ್ರೆ, ಬೆಳಿಗ್ಗೆ ಐದೂಮುಕ್ಕಾಲಿಗೆ ಮೊದಲ ಫೋನು: ಜೀಪ್ ಬಂದಿಲ್ಲ. ಆರೂವರೆಗೆ ಎರಡನೇದು: ಇವತ್ತು ಅಮಾವಾಸ್ಯೆ, ರಕ್ತ ಕೊಡಲ್ಲ ಅಂತಿದಾರೆ. ಎಂಟಕ್ಕೆ: ಖಾಲಿ ಹೊಟ್ಟೇಲಿ ಆರು ಜನ ಬರಬೇಕಿತ್ತು, ಇಬ್ಬರು ಬಂದಿದಾರೆ, ಉಳಿದವರ ಮನೇಲಿ ಹುಳ ನಾಲ್ಕನೇ ಜ್ವರ ಎದ್ದಿವೆಯಂತೆ, ಸೊಪ್ಪು ಹಾಕೋದು ಬಿಟ್ಟು ಯಾರೂ ಅಲ್ಲಾಡಲ್ಲ. (ರೇಷ್ಮೆ ಹುಳಕ್ಕೂ ಜ್ವರ ಅಂತ ಒಂದಿರತ್ತೆ, ಅಂದ್ರೆ ಪೊರೆ ಬಿಡೋ ಹೊತ್ತು, ಅಂತ ನಂಗೆ ಗೊತ್ತೇ ಇರ್ಲಿಲ್ಲ, ಸಿಟೀಲಿ ಬೆಳೆದವನು.) ಹನ್ನೊಂದಕ್ಕೆ ಪ್ರೊಫೆಸರ್ ಕರೆದು "ಈ ವಾರ ಎಷ್ಟಾಯ್ತು?" ಅಂತಾರೆ. ಮಧ್ಯಾಹ್ನ ಪೂರ್ತಿ ಅಕೌಂಟ್ಸ್ ಸೆಕ್ಷನ್ ಬಾಗಿಲಲ್ಲಿ. ಸಂಜೆ ಡೇಟಾ ನೋಡೋಣ ಅಂದ್ರೆ ತಲೆ ಓಡಲ್ಲ.

ಈಗ ವಿಷಯ. ಫೀಲ್ಡಲ್ಲಿ ನಾಲ್ಕು ಜನ ಇದಾರೆ. ಅವರಲ್ಲಿ ಒಬ್ಬ ಹುಡುಗಿ ಕಳಿಸೋ ಬಿಪಿ ರೀಡಿಂಗ್ ಮೂರು ತಿಂಗಳಿಂದ ಮುಕ್ಕಾಲು ಪಾಲು ಸೊನ್ನೆಗೇ ಮುಗೀತಿವೆ. 130/80, 140/90, 120/80, ಮತ್ತೆ 130/80. ಉಳಿದ ಮೂವರದ್ದು ಹಾಗಿಲ್ಲ. ಪ್ರೊಫೆಸರ್‌ಗೆ ತೋರಿಸ್ದೆ. "ಕೂತಲ್ಲೇ ಬರೀತಿದಾಳೆ, ಈ ತಿಂಗಳಿಗೆ ಮುಗಿಸಿ ಬೇರೆಯವರನ್ನ ತಗೋ" ಅಂದ್ರು. ಆದ್ರೆ ಜನ ಮನೆ ಒಳಗೆ ಕರೆದು ಕೂರಿಸೋದು ಇವಳನ್ನೇ. ಇವಳ ಹಳ್ಳಿಗಳಲ್ಲಿ ಬಿಟ್ಟುಹೋದವರು ತುಂಬಾ ಕಮ್ಮಿ. ನಂಗೇನೂ ತೋಚ್ತಿಲ್ಲ.

---

ಸಾಲು ಕಾಲಂ · ಭಾನುವಾರ ರಾತ್ರಿ 11.30

ಡೇಟಾ ಮ್ಯಾನೇಜರ್ ನಾನು, ಹದಿನಾಲ್ಕು ವರ್ಷ ಇದೇ ಕೆಲಸ. ಕೆಲಸದಿಂದ ತೆಗೆಯೋ ಮೊದಲು ಹತ್ತು ನಿಮಿಷ ಎಕ್ಸೆಲ್ ಮುಂದೆ ಕೂತ್ಕೊಳ್ಳಿ.

ಡಿಜಿಟಲ್ ಯಂತ್ರ ಆದ್ರೆ ಕೊನೇ ಅಂಕಿ 0 ಇಂದ 9ರವರೆಗೆ ಯಾವುದಾದ್ರೂ ಬರಬಹುದು, ಪ್ರತಿಯೊಂದೂ ಹೆಚ್ಚುಕಮ್ಮಿ ಹತ್ತರಲ್ಲಿ ಒಂದು ಸಲ. ಪಾದರಸದ್ದೋ ಗಡಿಯಾರದ ಥರ ಮುಳ್ಳು ಇರೋದೋ ಆದ್ರೆ ಗೆರೆಗಳೇ ಎರಡೆರಡಕ್ಕೆ. ಅಲ್ಲಿ 133 ಅಂತ ಓದೋಕೆ ಬರಲ್ಲ, 135 ಕೂಡ ಬರಲ್ಲ. ಅಭ್ಯಾಸ ಕಮ್ಮಿ ಇರೋರು ಮುಳ್ಳು ಓಡುವಾಗ ಹತ್ತಿರದ ದಪ್ಪ ಗೆರೆಗೆ ಹೊಂದಿಸ್ತಾರೆ, ಅದಕ್ಕೇ ಸೊನ್ನೆ ರಾಶಿ ಬೀಳತ್ತೆ. ಕೂತಲ್ಲೇ ಬರೆಯೋನಿಗೆ ಈ ಗೆರೆ ಲೆಕ್ಕ ನೆನಪಿರಲ್ಲ. ಅವನು 0 ಬರೀತಾನೆ, ಸಾಕಾದಾಗ 5 ಬರೀತಾನೆ, ಅನುಮಾನ ಬರದಿರ್ಲಿ ಅಂತ ಅಲ್ಲೊಂದು 137 ಇಡ್ತಾನೆ.

ಆಕೆ ಡೇಟಾದಲ್ಲಿ ಬೆಸ ಸಂಖ್ಯೆ ಎಷ್ಟಿವೆ ಎಣಿಸಿ. ಒಂದೂ ಇಲ್ಲದಿದ್ರೆ ಅವಳ ಕೈಯಲ್ಲಿರೋ ಯಂತ್ರ ನೀವು ಅಂದ್ಕೊಂಡಿರೋದಲ್ಲ.

ಇನ್ನೆರಡು. ಟ್ಯಾಬಲ್ಲಿ ಒಡಿಕೆನೋ ಕೋಬೋನೋ (ಫಾರಂ ತುಂಬೋ ಆ್ಯಪ್‌ಗಳು) ಇದ್ರೆ ಫಾರಂ ಶುರುವಾದ ಮತ್ತು ಮುಗಿದ ಸಮಯ ತಾನಾಗೇ ಸೇರಿರತ್ತೆ, ನಲವತ್ತು ನಿಮಿಷದ ಫಾರಂ ಎಂಟು ನಿಮಿಷಕ್ಕೆ ಮುಗಿದಿದೆಯಾ ನೋಡಿ. ಆಮೇಲೆ ಎರಡನೇ ಮೂರನೇ ರೀಡಿಂಗ್ ನಡುವಿನ ವ್ಯತ್ಯಾಸ. ನಿಜವಾದ ಮನುಷ್ಯನ ಬಿಪಿ ನಿಮಿಷಕ್ಕೆ ನಿಮಿಷಕ್ಕೆ ಅಲ್ಲಾಡತ್ತೆ, ಸುಳ್ಳಿನ ಬಿಪಿ ತೆಪ್ಪಗೆ ಕೂತಿರತ್ತೆ.

---

ನೇರ ಮಾತು · ಸೋಮವಾರ ಬೆಳಿಗ್ಗೆ 7.15

ಇಷ್ಟೆಲ್ಲ ಯಾಕೆ ಸಾರ್. ನಮ್ಮ ಪ್ರಾಜೆಕ್ಟಲ್ಲಿ ಒಬ್ಬ ಅರಳಿಕಟ್ಟೆ ಮೇಲೆ ಕೂತು ಮೂವತ್ತು ಮನೆ ಫಾರಂ ತುಂಬಿದ್ದ. ಸಿಕ್ಕಿಬಿದ್ದಿದ್ದು ಹೇಗೆ ಗೊತ್ತಾ? "ನಿನ್ನೆ ಏನು ತಿಂದಿರಿ" ಅನ್ನೋ ಪ್ರಶ್ನೆಗೆ ಊರಿಗೂರೇ ಮೊಟ್ಟೆ ಸಾರು ತಿಂದಿತ್ತು. ಆ "ನಿನ್ನೆ" ಶ್ರಾವಣ ಶನಿವಾರ. ನಮ್ಮ ಸೂಪರ್‌ವೈಸರ್ ಅಮ್ಮ ಫಾರಂ ನೋಡಿ ಮೂಗಿನ ಮೇಲೆ ಬೆರಳಿಟ್ಕೊಂಡ್ರು.

ಅವತ್ತೇ ಮನೆಗೆ ಕಳಿಸಿದ್ವಿ. ನೂರಕ್ಕೆ ಹತ್ತು ಮನೆಗೆ ಬೇರೆಯವರು ಹೋಗಿ ಮರುಪರೀಕ್ಷೆ ಮಾಡೋ ಪದ್ಧತಿ ಇಟ್ಕೊಳ್ಳಿ. ಕನಿಕರ ಬೇರೆ, ಡೇಟಾ ಬೇರೆ.

---

ನಿವೃತ್ತ ಸಿಸ್ಟರ್ · ಸೋಮವಾರ ಬೆಳಿಗ್ಗೆ 9.05

ಅಲ್ಲ ಕಣಪ್ಪಾ, ಏಳು ವಾರ ಆಯ್ತು ಅಂತೀಯ, ಒಂದು ದಿನಾನಾದ್ರೂ ಆ ಮಗು ಜೊತೆ ಮನೆ ಮನೆಗೆ ಹೋಗಿದ್ಯಾ? ಫೋನಲ್ಲಿ ಕೇಳೋದು, ಎಕ್ಸೆಲ್ ನೋಡೋದು, ತೆಗೆದುಹಾಕೋದು. ಚೆನ್ನಾಗಿದೆ.

ಮೂವತ್ತೊಂದು ವರ್ಷ ಎಎನ್‌ಎಂ, ಅಂದ್ರೆ ಹಳ್ಳಿ ಸಬ್‌ಸೆಂಟರ್ ನರ್ಸ್, ಆಗಿದ್ದೆ. ಬಿಪಿ ನೋಡೋದು ಅಂದ್ರೆ ಪಟ್ಟಿ ಸುತ್ತಿ ಬಟನ್ ಒತ್ತೋದಲ್ಲ. ಆಯಮ್ಮ ಕೊಟ್ಟಿಗೆ ಬಾಚಿ ಬಂದಿರ್ತಾಳೆ, ಐದು ನಿಮಿಷ ಕೂರಿಸ್ಬೇಕು. ಕಾಲು ನೆಲಕ್ಕೆ ಊರಿರ್ಬೇಕು, ಬೆನ್ನಿಗೆ ಆಸರೆ ಬೇಕು, ಕೈ ಎದೆ ಮಟ್ಟಕ್ಕೆ ಇರ್ಬೇಕು. ಹಳ್ಳಿ ಮನೇಲಿ ಕುರ್ಚಿ ಎಲ್ಲಿಂದ ತರ್ತೀಯ? ಜಗಲಿ ಮೇಲೆ ಕಾಲು ಇಳಿಬಿಟ್ಕೊಂಡು ಕೂತಿರ್ತಾರೆ. ಬಿಗಿ ರವಿಕೆ ತೋಳು ಮೇಲಕ್ಕೆ ಸುತ್ತಿದ್ರೆ ಅದೇ ಒಂದು ಪಟ್ಟಿ ಆಗತ್ತೆ. ಅರ್ಧ ಗಂಟೆ ಮುಂಚೆ ಕಾಫಿ, ಎಲೆ ಅಡಿಕೆ ಹೊಗೆಸೊಪ್ಪು ಆಗ್ಬಾರ್ದು. ಒಂದಕ್ಕೆ ಬಂದಿದ್ರೂ ಬಿಪಿ ಏರತ್ತೆ, ಮೊದ್ಲು ಹೋಗಿಬಾರವ್ವ ಅನ್ಬೇಕು. ಅಳೀವಾಗ ಮಾತಾಡಿಸ್ಬಾರ್ದು. ಸೊಸೆ ಮೇಲೆ ದೂರು ಹೇಳೋಕೆ ಶುರು ಮಾಡಿದ್ಲೋ, ಹತ್ತು ಪಾಯಿಂಟ್ ಮೇಲೆ. ಮೂರು ಸಲ ನೋಡಿ ಮೊದಲನೇದು ಬಿಟ್ಟು ಉಳಿದ ಎರಡರ ಸರಾಸರಿ ತಗೊಳ್ಳೋದು. ಇಷ್ಟನ್ನೂ ದಿನಕ್ಕೆ ಹದಿನೈದು ಮನೇಲಿ ಮಾಡ್ಬೇಕು ಅಂತೀರ. ನಿಮ್ಮ ಪ್ರೊಫೆಸರ್ ಮಾಡ್ಲಿ ನೋಡೋಣ.

ಇನ್ನೊಂದು ಯಾರೂ ಕೇಳ್ಲಿಲ್ಲ. ಆ ಮೂರು ತಿಂಗಳ ರೀಡಿಂಗ್ ತಪ್ಪಾಗಿದ್ರೆ, ನಿಜವಾಗ್ಲೂ ಬಿಪಿ ಜಾಸ್ತಿ ಇದ್ದೋರಿಗೆ "ಏನೂ ಇಲ್ಲ ಹೋಗಮ್ಮ" ಅಂದಿರ್ತೀರ. ಅವರು ಯಾರು?

---

ಹೊಸ ಕೋಆರ್ಡಿನೇಟರ್ · ಸೋಮವಾರ ಮಧ್ಯಾಹ್ನ 1.20

ಸಿಸ್ಟರ್, ಬೈದಿದ್ದು ಸರಿ ಇದೆ. ಹೋಗಿಲ್ಲ. ನಾಳೆ ಹೋಗ್ತೀನಿ.

@ಸಾಲು ಕಾಲಂ: ಎಣಿಸ್ದೆ. ಮೂರು ತಿಂಗಳಲ್ಲಿ ಒಂದೇ ಒಂದು ಬೆಸ ಸಂಖ್ಯೆ ಇಲ್ಲ. ಸೊನ್ನೆ ಬಿಟ್ರೆ ಅಲ್ಲಲ್ಲಿ 2, 4, 6, 8. ಐದು ಇಲ್ಲವೇ ಇಲ್ಲ. ಅದಕ್ಕಿಂತ ಹಿಂದಿನ ಡೇಟಾದಲ್ಲಿ ಎಲ್ಲಾ ಅಂಕಿಗಳೂ ಸರಿಯಾಗಿ ಹರಡಿವೆ. ಫಾರಂ ಸಮಯ ಕೂಡ ಸರಿ ಇದೆ, ಉಳಿದವರಿಗಿಂತ ಜಾಸ್ತಿನೇ ತಗೊಂಡಿದಾಳೆ.

ಆದ್ರೆ ನಾಲ್ಕೂ ಜನಕ್ಕೆ ಡಿಜಿಟಲ್ ಯಂತ್ರನೇ ಕೊಟ್ಟಿರೋದು. ರಿಜಿಸ್ಟರಲ್ಲಿ ಸಹಿ ಇದೆ.

---

ಬೆಳಗಾವಿ ಕಡೀಂವ · ಸೋಮವಾರ ಸಂಜೆ 6.40

ನಮ್ಮ ಕಡೆ ನಡದದ್ದು ಒಂದು ಹೇಳ್ತೀನ್ರಿ, ನಿಮ್ಮ ವಿಷಯಕ್ಕ ಹೊಂದತೈತಿ.

2002ರಿಂದ 2005ರ ತನಕ ಬೆಳಗಾವಿ ಜಿಲ್ಲಾದಾಗ ಇಲ್ಲಿನ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನವರು ಹೊರದೇಶದವರ ಕೂಡ ಸೇರಿ ಮಿಸೊಪ್ರೊಸ್ಟಾಲ್ ಗುಳಿಗಿ ಟ್ರಯಲ್ ಮಾಡಿದ್ರು. ಹೆರಿಗಿ ಆದ ಮ್ಯಾಲ ರಕ್ತ ಭಾಳ ಹೋಗೂದನ್ನ ಈ ಗುಳಿಗಿ ತಡೀತೈತೇನು ಅಂತ ನೋಡೂ ಸಲುವಾಗಿ. ದೊಡ್ಡ ಆಸ್ಪತ್ರ್ಯಾಗ ಅಲ್ರಿ, ಹಳ್ಳ್ಯಾಗ, ಮನ್ಯಾಗ, ಸಬ್‌ಸೆಂಟರ್‌ನ್ಯಾಗ. ಹೆರಿಗಿ ಮಾಡಸಾಕಿ ಎಎನ್‌ಎಂ. ಒಟ್ಟ 1,620 ಮಂದಿ ಹೆಣಮಕ್ಕಳು.

ಈಗ ನೋಡ್ರಿ, ರಕ್ತ ಎಷ್ಟ ಹೋತು ಅಂತ ಕೇಳಿದ್ರ ಯಾವ ನರ್ಸ್ ಆದ್ರೂ ಕಣ್ಣಂದಾಜಲೆ ಹೇಳ್ತಾಳ. ಕಣ್ಣಂದಾಜ ಯಾವಾಗ್ಲೂ ಕಡಿಮಿನ. ಅದಕ್ಕ ಇವರು ಏನ್ ಮಾಡಿದ್ರಂದ್ರ, ಕೆಳಗ ಅಳತಿ ಗೆರಿ ಹಾಕಿದ ಚೀಲ ಇದ್ದ ಪ್ಲಾಸ್ಟಿಕ್ ಹಾಳಿ ಹಾಸೂದು. ರಕ್ತ ಆ ಚೀಲದಾಗ ಇಳೀಬೇಕು, ಗೆರಿ ನೋಡಿ ಬರಕೋಬೇಕು. ಅಷ್ಟ. ಗುಳಿಗಿ ತಗೊಂಡವರೊಳಗ ಅತಿ ರಕ್ತಸ್ರಾವ ನೂರಕ್ಕ 12 ಇದ್ದದ್ದು 6.4ಕ್ಕ ಇಳೀತು, 2006ರಾಗ ಲ್ಯಾನ್ಸೆಟ್ ಅನ್ನೂ ವೈದ್ಯಕೀಯ ಪತ್ರಿಕ್ಯಾಗ ಬಂತು. ಆ ಹಾಳಿ ಇರಲಿಲ್ಲಂದ್ರ ಈ ಅಂಕಿಗೆ ಏನ್ ಕಿಮ್ಮತ್ತ ಇರ್ತಿತ್ತು ಹೇಳ್ರಿ.

ಹಂಗಾಗಿ ಹುಡುಗಿ ನೋಡೂಕ್ಕಿಂತ ಮೊದಲ ಹುಡುಗಿ ಕೈಯಾಗ ಏನ್ ಕೊಟ್ಟೀರಿ ಅದನ್ನ ನೋಡ್ರಿ.

---

ಮೈನಸ್ ಎಂಬತ್ತು · ಸೋಮವಾರ ರಾತ್ರಿ 9.10

ಲ್ಯಾಬ್ ಟೆಕ್ನಿಷಿಯನ್. ಬಿಪಿ ಬಗ್ಗೆ ದೊಡ್ಡೋರು ಹೇಳಿದಾರೆ. ನಾನು ಶುಗರ್ ಕಡೆ ಹೇಳ್ತೀನಿ, ಯಾಕಂದ್ರೆ ಅಲ್ಲೂ ನಿಮಗೆ ಗೊತ್ತಿಲ್ಲದ ತೂತು ಇರತ್ತೆ.

"ಏನಾದ್ರೂ ತಿಂದ್ರಾ?" ಅಂತ ಕೇಳಿದ್ರೆ "ಏನೂ ತಿಂದಿಲ್ಲ" ಅಂತಾರೆ. ನಿಜಾನೇ ಹೇಳ್ತಾರೆ. ಕಾಫಿ ತಿನ್ನೋದಲ್ಲ, ಕುಡಿಯೋದು! ಎರಡು ಚಮಚ ಸಕ್ಕರೆ ಹಾಕಿದ ಕಾಫಿ ಅವರ ಲೆಕ್ಕಕ್ಕೇ ಇಲ್ಲ. "ಬೆಳಿಗ್ಗೆ ಎದ್ದ ಮೇಲೆ ಬಾಯಿಗೆ ನೀರು ಬಿಟ್ಟು ಬೇರೆ ಏನು ಹೋಯ್ತು?" ಅಂತ ಕೇಳಿ. ನಮ್ಮ ಫಾರಮಲ್ಲಿ ಈ ಒಂದು ಪ್ರಶ್ನೆ ಬದಲಾಯಿಸಿದ ವಾರವೇ ವಾಪಸ್ ಕಳಿಸೋರ ಸಂಖ್ಯೆ ಏರಿತು. ಪ್ರೊಫೆಸರ್‌ಗೆ ಸಿಟ್ಟು ಬಂತು, ಬರ್ಲಿ.

ರಕ್ತ ತೆಗೆದ ಮೇಲೆ ಟ್ಯೂಬ್ ಒಳಗಿರೋ ಜೀವಕೋಶಗಳು ಸಕ್ಕರೆ ತಿಂತಾನೇ ಇರ್ತವೆ. ಹಾಗೇ ಬಿಟ್ರೆ ಗಂಟೆಗೆ ನೂರಕ್ಕೆ 5ರಿಂದ 7ರಷ್ಟು ಇಳಿಯತ್ತೆ. ಅದಕ್ಕೇ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್. ಆದ್ರೆ ಫ್ಲೋರೈಡ್ ಪೂರ್ತಿ ಕೆಲಸ ಮಾಡೋಕೂ ಒಂದೆರಡು ಗಂಟೆ ಬೇಕು, ಆ ಹೊತ್ತಲ್ಲಿ ಇಳಿಕೆ ನಡೀತಾನೇ ಇರತ್ತೆ. ಏಳಕ್ಕೆ ತೆಗೆದ ರಕ್ತ ಜೀಪ್ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲು ಕಾಯ್ಕೊಂಡು ಹನ್ನೊಂದಕ್ಕೆ ಬಂದ್ರೆ ನಿಮ್ಮ ಸ್ಟಡೀಲಿ ಶುಗರ್ ಇರೋರೇ ಕಮ್ಮಿ ಆಗ್ಬಿಡ್ತಾರೆ. ಐಸ್ ಬಾಕ್ಸ್, ಮತ್ತೆ ಟ್ಯೂಬ್ ಮೇಲೆ ಗಂಟೆ. ತಾರೀಖು ಮಾತ್ರ ಬರೆದು ಕಳಿಸಿದ್ರೆ ನಾನು ತಗೊಳಲ್ಲ.

ಫ್ರೀಜರ್ ಕಥೆ ಒಂದು ಹೇಳಿ ಮುಗಿಸ್ತೀನಿ. ಹಿಂದೆ ಕೆಲಸ ಮಾಡ್ತಿದ್ದ ಒಂದು ಕಡೆ, ಆಯುಧ ಪೂಜೆ. ಸೆಂಟ್ರಿಫ್ಯೂಜ್‌ಗೆ ಹಾರ, ಮೈಕ್ರೋಸ್ಕೋಪ್‌ಗೆ ಕುಂಕುಮ, ಮೈನಸ್ 80 ಫ್ರೀಜರ್‌ಗೆ ಬಾಳೆಕಂದು. ಸೀರಿಯಲ್ ಸೆಟ್ ಹಾಕೋಕೆ ಪ್ಲಗ್ ಪಾಯಿಂಟ್ ಸಿಗ್ಲಿಲ್ಲ ಅಂತ ಯಾರೋ ಪುಣ್ಯಾತ್ಮ ಫ್ರೀಜರ್ ಪ್ಲಗ್ಗೇ ಕಿತ್ತಿದ್ದಾನೆ. ದೀಪ ಚೆನ್ನಾಗಿ ಮಿಣುಕ್ತಿತ್ತು. ಚುರುಮುರಿ ತಿಂದು ಎಲ್ಲರೂ ಮನೆಗೆ ಹೋದ್ರು. ನಾನು ರಾತ್ರಿ ತಾಪಮಾನದ ಪುಸ್ತಕ ಬರೆಯೋಕೆ ಹೋದಾಗ ಮೈನಸ್ 62. ಇನ್ನು ಅರ್ಧ ದಿನ ಹಾಗೇ ಇದ್ದಿದ್ರೆ ಎರಡು ವರ್ಷದ ಸೀರಮ್ ಪಾಯಸ. ಅವತ್ತಿಂದ ಆ ಪ್ಲಗ್‌ಗೆ ಕಬ್ಬಿಣದ ಪೆಟ್ಟಿಗೆ ಹಾಕಿ ಬೀಗ ಹಾಕಿದೀವಿ. ಪೂಜೆ ದಿನ ಬೀಗಕ್ಕೂ ಕುಂಕುಮ ಇಡ್ತಾರೆ.

---

ಲೆಕ್ಕದ ಮನೆ · ಸೋಮವಾರ ರಾತ್ರಿ 10.00

ಅಕೌಂಟ್ಸ್ ಬಾಗಿಲಲ್ಲಿ ನಿಂತ್ಕೋತೀನಿ ಅಂದ್ರಲ್ಲ, ಬಾಗಿಲ ಒಳಗೆ ಕೂರೋನು ನಾನು. (ನಿಮ್ಮ ವಿಶ್ವವಿದ್ಯಾಲಯ ಅಲ್ಲ, ಹೆದರ್ಬೇಡಿ.)

ನಮ್ಮನ್ನ ಎಲ್ಲರೂ ಬೈತಾರೆ. ಆದ್ರೆ ಮಾರ್ಚ್ 31 ಆದ ಮೇಲೆ ಜಿಎಫ್‌ಆರ್ (ಕೇಂದ್ರ ಸರ್ಕಾರದ ಹಣಕಾಸು ನಿಯಮ) 12-ಎ ನಮೂನೆಯಲ್ಲಿ ಬಳಕೆ ಪ್ರಮಾಣಪತ್ರ ಹೋಗದಿದ್ರೆ ಮುಂದಿನ ಕಂತು ಬರಲ್ಲ, ನಿಮ್ಮ ನಾಲ್ಕು ಜನರ ಸಂಬಳವೂ ಬರಲ್ಲ. ಟ್ರಾವೆಲ್ ಹೆಡ್ಡಲ್ಲಿ (ಓಡಾಟದ ಖರ್ಚಿನ ಬಾಬ್ತಲ್ಲಿ) ಇರೋ ದುಡ್ಡನ್ನ ಸಾಮಗ್ರಿ ಹೆಡ್‌ಗೆ ಹಾಕಿ ಅಂದ್ರೆ ನಾನು ಹಾಕೋ ಹಾಗಿಲ್ಲ, ಅನುದಾನ ಕೊಟ್ಟವರ ಪತ್ರ ಬೇಕು. ಫೆಬ್ರವರಿಯಲ್ಲಿ ಓಡಿ ಬರ್ತೀರ, ಆಗಸ್ಟಲ್ಲಿ ಕೇಳಿದ್ರೆ ಆಗ್ತಿತ್ತು.

ಒಂದು ಒಳ್ಳೇ ಬುದ್ಧಿವಾದ: ಪ್ರೊಫೆಸರ್ ಹೆಸರಲ್ಲಿ ಇಂಪ್ರೆಸ್ಟ್ ತಗೊಳ್ಳಿ. ಐದೋ ಹತ್ತೋ ಸಾವಿರ ಕೈಯಲ್ಲಿ ಇರತ್ತೆ, ಖರ್ಚಾದಂಗೆ ವೋಚರ್ ಇಟ್ಟು ಮತ್ತೆ ತುಂಬಿಸ್ಕೋಬಹುದು. ಆಟೋದವನು ಬಿಲ್ ಕೊಡಲ್ಲ, ಗೊತ್ತು. ಎಲ್ಲಿಂದ ಎಲ್ಲಿಗೆ, ಯಾಕೆ, ಎಷ್ಟು ಅಂತ ಬರೆದು ನೀವೇ ಸಹಿ ಮಾಡಿದ ವೋಚರ್ ಬಹಳ ಕಡೆ ನಡೆಯತ್ತೆ. ಫೀಲ್ಡ್ ಹುಡುಗರು ಕೈಯಿಂದ ಹಾಕ್ಕೊಂಡು ಮೂರು ತಿಂಗಳು ಕಾಯೋ ಪರಿಸ್ಥಿತಿ ಇದ್ಯಾ ನಿಮ್ಮಲ್ಲಿ? ಇದ್ರೆ ಅವರು ಖರ್ಚು ಮಾಡೋದನ್ನೇ ನಿಲ್ಲಿಸಿರ್ತಾರೆ, ನಿಮಗೆ ಹೇಳಿರಲ್ಲ.

---

ಅಮ್ಮನ ಮಗ · ಮಂಗಳವಾರ ಬೆಳಿಗ್ಗೆ 6.30

ನಾನು ಈ ಕ್ಷೇತ್ರದವನಲ್ಲ, ನಿಮ್ಮ ಟ್ಯೂಬಿನ ಆ ಕಡೆಯವನು. ನಮ್ಮಮ್ಮ ಒಂದು ಸ್ಟಡೀಲಿ ಇದಾರೆ. ಮೂರು ವರ್ಷ, ಐದು ಸಲ ರಕ್ತ. ರಿಪೋರ್ಟ್ ಒಂದೂ ಕೈಗೆ ಬಂದಿಲ್ಲ. ಕೇಳಿದ್ರೆ "ಅನಾಲಿಸಿಸ್ ಆಗ್ತಿದೆ ಆಂಟಿ". ಪಕ್ಕದ ಮನೆಯವರು "ನಿನ್ನ ರಕ್ತ ಮಾರ್ಕೊಂಡ್ರು" ಅಂತಾರೆ. ನಮ್ಮಮ್ಮ ಆದ್ರೂ ಹೋಗ್ತಾರೆ, ಬರೋ ಹುಡುಗಿ ಮೇಲೆ ಪ್ರೀತಿ ಅಂತ. ನಿಮ್ಮ ಪ್ರೊಫೆಸರ್‌ಗೆ ಇದನ್ನೂ ಹೇಳಿ.

---

ಮೈನಸ್ ಎಂಬತ್ತು · ಮಂಗಳವಾರ ಬೆಳಿಗ್ಗೆ 8.00

ಅಣ್ಣ, ನಾಚಿಕೆ ಆಗತ್ತೆ ಓದಿ. ಮಾಮೂಲಿ ಶುಗರ್, ಕೊಲೆಸ್ಟ್ರಾಲ್ ವಾರದಲ್ಲಿ ಕೊಡ್ಬಹುದು, ಅದಕ್ಕೆ ಯಾವ ಅನಾಲಿಸಿಸ್ಸೂ ಬೇಡ. ನಾವು ಒಂದು ಟೀ ಚಮಚ ತೋರಿಸಿ "ಇಷ್ಟೇ ಅಮ್ಮ, 5 ಎಂಎಲ್, ರಕ್ತದಾನದಲ್ಲಿ 350 ತಗೋತಾರೆ" ಅಂತ ಹೇಳ್ತೀವಿ. ಆದ್ರೆ ಚಮಚಕ್ಕಿಂತ ರಿಪೋರ್ಟ್ ಕಾಗದವೇ ಹೆಚ್ಚು ಕೆಲಸ ಮಾಡೋದು.

---

ಸಮಿತಿ ಸದಸ್ಯ · ಮಂಗಳವಾರ ಬೆಳಿಗ್ಗೆ 11.15

ಸಂಶೋಧನೆಗಳಿಗೆ ಅನುಮತಿ ಕೊಡುವ ಒಂದು ಎಥಿಕ್ಸ್ (ನೈತಿಕತೆ) ಸಮಿತಿಯಲ್ಲಿ ಸಾಮಾನ್ಯ ನಾಗರಿಕ ಸದಸ್ಯನಾಗಿ ಕೆಲವು ವರ್ಷಗಳಿಂದ ಕುಳಿತಿದ್ದೇನೆ. ವೈದ್ಯನಲ್ಲ, ನಿವೃತ್ತ ಮೇಷ್ಟ್ರು. ಸಂಶೋಧಕರು ಸಮಿತಿಯನ್ನು ಪರೀಕ್ಷಾ ಮಂಡಳಿಯಂತೆ ನೋಡುತ್ತಾರೆ: ಒಮ್ಮೆ ಪಾಸಾದರೆ ಮುಗಿಯಿತು ಎಂದು. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) 2017ರ ಮಾರ್ಗಸೂಚಿ ಹಾಗೆ ಹೇಳುವುದಿಲ್ಲ. ಅನುಮತಿಯ ನಂತರವೂ ಪ್ರಗತಿ ವರದಿ ಬರಬೇಕು, ಪ್ರೋಟೋಕಾಲ್‌ನಿಂದ, ಅಂದರೆ ಅನುಮತಿ ಪಡೆದ ಅಧ್ಯಯನ ವಿಧಾನದಿಂದ, ಆಚೀಚೆ ಆದದ್ದನ್ನು ತಿಳಿಸಬೇಕು. ಈ ಹುಡುಗಿಯ ಕೈಯಲ್ಲಿ ಬೇರೆ ಯಂತ್ರವಿದ್ದರೆ ಅದು ಪ್ರೋಟೋಕಾಲ್ ಉಲ್ಲಂಘನೆಯೇ, ಬಚ್ಚಿಡಬೇಡಿ. ಏನಾಯಿತು, ಯಾವಾಗಿನಿಂದ, ಎಷ್ಟು ಜನರಿಗೆ, ಮುಂದೇನು ಮಾಡುತ್ತೀರಿ ಎಂದು ಒಂದು ಪುಟ ಬರೆದು ಸದಸ್ಯ ಕಾರ್ಯದರ್ಶಿಗೆ ಕೊಡಿ. ತಾನಾಗಿ ಬರೆದುಕೊಟ್ಟ ತಪ್ಪನ್ನು ನಮ್ಮ ಸಮಿತಿ ಇದುವರೆಗೆ ಶಿಕ್ಷಿಸಿದ್ದು ನಾನು ಕಂಡಿಲ್ಲ.

ಒಪ್ಪಿಗೆ ಪತ್ರಗಳನ್ನೂ ಒಮ್ಮೆ ತೆಗೆದು ನೋಡಿ. ಯಾವ ಆವೃತ್ತಿಗೆ ಅನುಮತಿ ಸಿಕ್ಕಿತ್ತೋ ಅದೇ ಕನ್ನಡ ಆವೃತ್ತಿ ಹಳ್ಳಿಯಲ್ಲಿದೆಯೇ? ಹೆಬ್ಬೆಟ್ಟು ಒತ್ತಿದ ಕಡೆ ಸಾಕ್ಷಿಯ ಸಹಿ ಇದೆಯೇ? ಆ ಸಾಕ್ಷಿ ನಿಮ್ಮ ತಂಡದವರೇ ಆಗಿದ್ದರೆ ಅದು ಸಾಕ್ಷಿಯಲ್ಲ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಯೋಜನೆ ನಡೆದಾಗ ಆಶ್ರಮ ಶಾಲೆಯ ಹುಡುಗಿಯರ ಪರವಾಗಿ ಹಾಸ್ಟೆಲ್ ವಾರ್ಡನ್‌ಗಳೇ ಸಹಿ ಹಾಕಿದ್ದರು. 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು, 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಬಹಳ ಕಟುವಾಗಿ ಬರೆಯಿತು. ಲಸಿಕೆ ಒಳ್ಳೆಯದೋ ಕೆಟ್ಟದೋ ಎಂಬ ಪ್ರಶ್ನೆ ಆ ಸಹಿಗಳ ಗದ್ದಲದಲ್ಲಿ ಕಳೆದೇ ಹೋಯಿತು.

---

ಲೀಡ್ಸ್ ಮಳೆ · ಮಂಗಳವಾರ ಸಂಜೆ 5.25

ಧಾರವಾಡದವಳು, ಈಗ ಇಂಗ್ಲೆಂಡಲ್ಲಿ ಟ್ರಯಲ್ ಮ್ಯಾನೇಜರ್. ಇಲ್ಲಿ ಎಲ್ಲಾ ಸರಿಯಾಗಿ ನಡೆಯತ್ತೆ ಅಂದ್ಕೋಬೇಡಿ. ನಿಮ್ಮಲ್ಲಿ ಅಮಾವಾಸ್ಯೆ, ನಮ್ಮಲ್ಲಿ "ಪಾರ್ಕಿಂಗ್ ಸಿಗ್ಲಿಲ್ಲ". ಗೈರುಹಾಜರಿ ಅಷ್ಟೇ.

ಈ ಸೊನ್ನೆ ಚಾಳಿ ಬಹಳ ಹಳೇದು. ಅಳೆಯೋನಿಗೇ ನಿಜವಾದ ಸಂಖ್ಯೆ ಗೊತ್ತಾಗ್ಬಾರ್ದು ಅಂತ 'ರ‍್ಯಾಂಡಮ್ ಜೀರೋ' ಅನ್ನೋ ಪಾದರಸದ ಬಿಪಿ ಯಂತ್ರವನ್ನೇ ಇಲ್ಲಿ ಮಾಡಿದ್ರು. ಪ್ರತಿ ಸಲ ಚಕ್ರ ತಿರುಗಿಸಿದಾಗ ಸೊನ್ನೆ ಬೇರೆ ಜಾಗಕ್ಕೆ ಹೋಗ್ತಿತ್ತು. ಮೊದಲು ರೀಡಿಂಗ್ ಬರ್ಕೋಬೇಕು, ಆಮೇಲೆ ಸೊನ್ನೆ ಎಲ್ಲಿತ್ತು ಅಂತ ನೋಡಿ ಕಳೀಬೇಕು. ಓದಿದ ಡಾಕ್ಟರುಗಳಿಗೇ ಇಷ್ಟು ಕಾವಲು ಬೇಕಾಗಿತ್ತು.

ನಿಮಗೆ ಎರಡೇ ಕಾಗದ ಸಾಕು. ಒಂದು, ಯಾರು ಯಾವ ಕೆಲಸ ಮಾಡಬಹುದು ಅನ್ನೋ ಪಟ್ಟಿ: ತರಬೇತಿ ಆದ ದಿನ, ಸಹಿ, ಬಿಟ್ಟ ದಿನ. ಇನ್ನೊಂದು, ಯಂತ್ರಗಳ ಪಟ್ಟಿ: ನಂಬರು, ಯಾರ ಹತ್ರ ಇದೆ, ಕೊನೇ ಸಲ ಪರೀಕ್ಷೆ ಮಾಡಿದ್ದು ಯಾವಾಗ. 2025ರ ಜನವರಿಯಲ್ಲಿ ಜಿಸಿಪಿ (ಟ್ರಯಲ್ ಸರಿಯಾಗಿ ನಡೆಸೋ ಅಂತರರಾಷ್ಟ್ರೀಯ ಕ್ರಮ) ನಿಯಮದ ಹೊಸ ಆವೃತ್ತಿ, ಇ6 ಆರ್3, ಬಂತು. ಟ್ರಯಲ್‌ಗಳಿಗಾಗಿ ಬರೆದದ್ದೇ ಆದ್ರೂ ಅದರ ಧಾಟಿ ನಿಮಗೂ ಆಗತ್ತೆ: ಎಲ್ಲವನ್ನೂ ಒಂದೇ ಸಮ ಕಾಯೋಕೆ ಹೋಗ್ಬೇಡಿ, ಎಡವಟ್ಟಾದ್ರೆ ಸ್ಟಡೀನೇ ಬೀಳೋ ಕೆಲಸ ಯಾವುದೋ ಅದನ್ನ ಕಾಯಿರಿ. ನಿಮ್ಮದರಲ್ಲಿ ಅದು ಬಿಪಿ.

ತಿದ್ದೋದಾದ್ರೆ ಹಳೇ ಸಂಖ್ಯೆ ಕಾಣೋ ಹಾಗೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಹೊಸದು, ಸಹಿ, ತಾರೀಖು. ವೈಟ್ನರ್ ಬಾಟಲಿ ಆಫೀಸಲ್ಲಿದ್ರೆ ಇವತ್ತೇ ಎಸೀರಿ.

---

ಸಾಲು ಕಾಲಂ · ಮಂಗಳವಾರ ರಾತ್ರಿ 8.45

ಮೂರು 'ಫೈನಲ್' ಬಗ್ಗೆ ಯಾರೂ ಮಾತಾಡ್ಲಿಲ್ಲ, ನಂಗೆ ಅದೇ ಕಣ್ಣಿಗೆ ಚುಚ್ಚಿದ್ದು. ಮೂರನ್ನೂ ಮುಟ್ಟದೆ ಒಂದು ಫೋಲ್ಡರಲ್ಲಿ ಮುಚ್ಚಿಡಿ. ಬೀರುವಿನಲ್ಲಿರೋ ಒಪ್ಪಿಗೆ ಪತ್ರ ಒಂದೊಂದಾಗಿ ಎಣಿಸಿ. ಅದೇ ನಿಮ್ಮ ನಿಜವಾದ ಸಂಖ್ಯೆ. ಸಹಿ ಇಲ್ಲದವರ ಡೇಟಾ ಎಷ್ಟು ಚೆನ್ನಾಗಿದ್ರೂ ನಿಮ್ಮದಲ್ಲ. (ಹುಟ್ಟಿದ ದಿನಾಂಕದ ಕಾಲಂ ನೋಡಿ ಗಾಬರಿಯಾಗ್ಬೇಡಿ. ಅರ್ಧ ಊರು ಜನವರಿ 1ಕ್ಕೆ ಹುಟ್ಟಿರತ್ತೆ, ಉಳಿದರ್ಧ ಶಾಲೆಗೆ ಸೇರಿಸಿದ ಮೇಷ್ಟ್ರ ಕೃಪೆಯಿಂದ ಜೂನ್ 1ಕ್ಕೆ.)

ದಾಖಲೆ ಯಾವಾಗ ಕೆಲಸಕ್ಕೆ ಬರತ್ತೆ ಹೇಳೋಕಾಗಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೇಲಿ 1934ರಿಂದ ಪ್ರತಿ ಮಗುವಿನ ತೂಕ, ಉದ್ದ, ತಲೆ ಸುತ್ತಳತೆ ಪುಸ್ತಕದಲ್ಲಿ ಬರೆದಿಟ್ಟಿದ್ರು. ಯಾವ ಸಂಶೋಧನೆಗೂ ಅಲ್ಲ, ಹೆರಿಗೆ ವಾರ್ಡಿನ ದಿನದ ಕೆಲಸ ಅದು. ಅರವತ್ತು ವರ್ಷ ಆದ ಮೇಲೆ ಇಂಗ್ಲೆಂಡಿನ ಸೌತಾಂಪ್ಟನ್‌ನವರೂ ಇಲ್ಲಿಯವರೂ ಸೇರಿ ಆ ಪುಸ್ತಕ ಹಿಡ್ಕೊಂಡು 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಜನರನ್ನ ಪರೀಕ್ಷೆ ಮಾಡಿದ್ರು. ಹುಟ್ಟುವಾಗ ತೂಕ ಕಮ್ಮಿ ಇದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಅಂತ ಕಂಡಿದ್ದು ಅಲ್ಲೇ, 1996ರಲ್ಲಿ ಪ್ರಕಟ ಆಯ್ತು. ಅವತ್ತು ಯಾವ ದಾದಿಯಾದ್ರೂ "ಅಂದಾಜು ಆರು ಪೌಂಡ್" ಅಂತ ಬರೆದು ಕೈ ತೊಳ್ಕೊಂಡಿದ್ರೆ ಇದ್ಯಾವುದೂ ಇಲ್ಲ.

---

ಹೊಸ ಕೋಆರ್ಡಿನೇಟರ್ · ಬುಧವಾರ ರಾತ್ರಿ 9.30

ಮಂಗಳವಾರ ಹೋಗಿ ಬಂದೆ. ಬೆಳಿಗ್ಗೆ ಆರಕ್ಕೆ ಬಸ್, ಅವಳ ಜೊತೆ ಒಂಬತ್ತು ಮನೆ.

ಮೊದಲನೇ ಮನೇಲೇ ಗೊತ್ತಾಯ್ತು. ಬ್ಯಾಗಿಂದ ತೆಗೆದಿದ್ದು ಮುಳ್ಳಿನ ಯಂತ್ರ ಮತ್ತೆ ಸ್ಟೆತಸ್ಕೋಪು. "ನಮ್ಮ ಡಿಜಿಟಲ್ ಎಲ್ಲಿ?" ಅಂದೆ. ಬ್ಯಾಗಿನ ತಳದಲ್ಲಿ ಬಟ್ಟೆ ಸುತ್ತಿ ಇಟ್ಟಿದ್ಲು. ಅದಕ್ಕೆ ನಾಲ್ಕು ಪೆನ್ಸಿಲ್ ಸೆಲ್ ಬೇಕು. ಹಳ್ಳಿ ಅಂಗಡಿಯ ಸೆಲ್ ಎರಡು ದಿನಕ್ಕೆ ಸಾಯ್ತವೆ, ಮೆಷಿನ್ 'ಎರರ್' ಅನ್ನತ್ತೆ. ಕೈಯಿಂದ ಆರೇಳು ಸಲ ಹಾಕಿದಾಳೆ. ಬಿಲ್ ಕಳಿಸಿದ್ಲಂತೆ, ಜಿಎಸ್‌ಟಿ ಬಿಲ್ ಅಲ್ಲ ಅಂತ ವಾಪಸ್ ಬಂದಿದೆ. ಹಿಂದಿನ ಕೋಆರ್ಡಿನೇಟರ್‌ಗೆ ಹೇಳಿದ್ಲು, "ನೋಡೋಣ" ಅಂದಿದ್ರು. ಕೆಲಸ ನಿಲ್ಲಬಾರ್ದು ಅಂತ ಸಬ್‌ಸೆಂಟರ್ ಸಿಸ್ಟರ್ ಹತ್ರ ಈ ಮುಳ್ಳಿನದ್ದು ಕೇಳಿ ಇಸ್ಕೊಂಡಿದಾಳೆ, ಅವರೇ ಒಂದು ಮಧ್ಯಾಹ್ನ ಕೂರಿಸಿ ನೋಡೋದು ಹೇಳಿಕೊಟ್ಟಿದಾರೆ. ಐದು ನಿಮಿಷ ಕೂರಿಸ್ತಾಳೆ, ಕಾಫಿ ಕೇಳ್ತಾಳೆ, ರವಿಕೆ ತೋಳು ಸಡಿಲ ಮಾಡಿಸ್ತಾಳೆ. ಕುರ್ಚಿ ಇಲ್ಲದ ಮನೆಗೆ ಅಂತ ಮಡಚೋ ಸ್ಟೂಲ್ ಒಂದನ್ನ ಸ್ಕೂಟಿಗೆ ಕಟ್ಕೊಂಡು ಬರ್ತಾಳೆ, ಬೆನ್ನಿಗೆ ಗೋಡೆ. ನಮ್ಮ ಉಳಿದ ಮೂವರು ಇಷ್ಟು ಮಾಡ್ತಾರಾ ಅಂತ ಈಗ ಅದೇ ಚಿಂತೆ.

ಹೊಸ ಸೆಲ್ ಹಾಕಿ ಒಂಬತ್ತೂ ಮನೇಲಿ ಎರಡೂ ಯಂತ್ರದಲ್ಲಿ ನೋಡಿದ್ವಿ. ಮುಳ್ಳಿನದ್ದು ಸುಮಾರು 8 ಕಮ್ಮಿ ತೋರಿಸತ್ತೆ.

ಇವತ್ತು ಪ್ರೊಫೆಸರ್‌ಗೆ ಹೇಳ್ದೆ. ಸ್ವಲ್ಪ ಹೊತ್ತು ಸುಮ್ನಿದ್ದು "ಇಂಪ್ರೆಸ್ಟ್ ಅರ್ಜಿ ತಗೊಂಡು ಬಾ" ಅಂದ್ರು. ಸಮಿತಿಗೆ ಒಂದು ಪುಟ ಬರೆದಿದೀನಿ, ನಾಳೆ ಕೊಡ್ತೀನಿ. ಡೇಟಾ ಏನೂ ಅಳಿಸಿಲ್ಲ, 'ಯಂತ್ರದ ನಂಬರ್' ಅಂತ ಹೊಸ ಕಾಲಂ ಹಾಕಿದೀನಿ.

---

ನೇರ ಮಾತು · ಬುಧವಾರ ರಾತ್ರಿ 9.50

ಸರಿ, ನಾನು ಹೇಳಿದ್ದು ತಪ್ಪು. ಆದ್ರೂ ಆ ಹತ್ತು ಪರ್ಸೆಂಟ್ ಮರುಪರೀಕ್ಷೆ ಶುರು ಮಾಡಿ. ಮೊದಲೇ ಇದ್ದಿದ್ರೆ ಮೂರು ತಿಂಗಳು ಹಿಡೀತಿರ್ಲಿಲ್ಲ.

---

ಲೆಕ್ಕದ ಮನೆ · ಬುಧವಾರ ರಾತ್ರಿ 10.05

ರೀಚಾರ್ಜ್ ಆಗೋ ಸೆಲ್ ಮತ್ತೆ ಚಾರ್ಜರ್ ನಾಲ್ಕು ಸೆಟ್ ಒಂದೇ ಬಿಲ್ಲಲ್ಲಿ ತಗೊಳ್ಳಿ, ಸಾಮಗ್ರಿ ಹೆಡ್. ಅವಳ ಹಳೇ ಬಿಲ್‌ಗಳಿಗೆ ಪ್ರೊಫೆಸರ್ ಕೈಲಿ ಒಂದು ಟಿಪ್ಪಣಿ ಬರೆಸಿ ಹಾಕಿ. ಒಬ್ಬರಲ್ಲ ಒಬ್ಬರು ಪಾಸ್ ಮಾಡ್ತಾರೆ.

---

ನಿವೃತ್ತ ಸಿಸ್ಟರ್ · ಬುಧವಾರ ರಾತ್ರಿ 10.20

ಆ ಸಬ್‌ಸೆಂಟರ್‌ಗೆ ಅವರ ಯಂತ್ರ ವಾಪಸ್ ಕೊಡ್ಸು, ಅವರೂ ಅದರಲ್ಲೇ ಬಸುರಿಯರಿಗೆ ಬಿಪಿ ನೋಡ್ತಿರ್ತಾರೆ. 8 ಕಮ್ಮಿ ತೋರಿಸತ್ತೆ ಅಂತ ಅವರಿಗೂ ಹೇಳು. ನಾನು ಕೇಳಿದ್ದಕ್ಕೆ ಉತ್ತರ ಬರ್ಲಿಲ್ಲ.

---

ಹೊಸ ಕೋಆರ್ಡಿನೇಟರ್ · ಬುಧವಾರ ರಾತ್ರಿ 10.45

ಹೇಳಿದೀನಿ ಸಿಸ್ಟರ್, ಅವರು ಪಿಎಚ್‌ಸಿಗೆ ಬರೆದು ಬೇರೆ ಕೇಳಿದಾರೆ.

ನಮ್ಮ ಟ್ಯಾಬಲ್ಲಿ ಮೇಲಿನ ಸಂಖ್ಯೆ 180 ದಾಟಿದ್ರೆ "ಇವತ್ತೇ ಆಸ್ಪತ್ರೆಗೆ ಕಳಿಸಿ" ಅಂತ ಕೆಂಪು ಬರತ್ತೆ. 8 ಕಮ್ಮಿ ಅಂದ್ರೆ 172ರಿಂದ 180ರವರೆಗೆ ಬರೆದವರಿಗೆಲ್ಲ ಕೆಂಪು ಬರಬೇಕಿತ್ತು, ಬಂದಿಲ್ಲ. ಮೂರು ಜನ ಇದಾರೆ. ಇಬ್ಬರ ಮನೆಗೆ ಇವತ್ತು ಅವಳೇ ಹೋಗಿ ಬಂದ್ಲು. ಒಬ್ಬರು ಆಗಲೇ ಮಾತ್ರೆ ತಗೋತಿದಾರೆ, ಇನ್ನೊಬ್ಬರಿಗೆ 186, ಸಂಜೆ ಜೀಪಲ್ಲೇ ಪಿಎಚ್‌ಸಿಗೆ ಕರ್ಕೊಂಡು ಹೋದ್ವಿ. ಮೂರನೇ ಅಜ್ಜಿ ಬೆಂಗಳೂರಲ್ಲಿ ಮಗಳ ಮನೇಲಿದಾರೆ, ಬಾಣಂತನ. ಫೋನ್ ನಂಬರ್ ಸಿಕ್ಕಿದೆ. ನಾಳೆ ಬೆಳಿಗ್ಗೆ ಯಂತ್ರ ತಗೊಂಡು ನಾನೇ ಹೋಗ್ತಿದೀನಿ.